ಅಜ್ಜಿಯ ‘ಕಸ’, ಡಾಕ್ಟರಮ್ಮನ ‘ನಂಜು’: ನಾಟ್ರಾಂಪಾಳ್ಯದಲ್ಲಿ ಪಶುವೈದ್ಯದ ಮೊದಲ ಪಾಠ

ಹೊಸೂರಿನಿಂದ ಡೆಂಕಣಿಕೋಟೆಗೆ ಹೊರಡುವ ಬೆಳಗಿನ ಬಸ್ಸು ಹತ್ತಿದರೆ ಊರು ಮುಗಿಯುವ ಮೊದಲೇ ಮತ್ತಿಗಿರಿ ಬರುತ್ತದೆ. ಕಾರ್ಖಾನೆಗಳ ತಗಡಿನ ಸೂರು, ಹೊಸ ಲೇಔಟುಗಳ ಗಡಿಕಲ್ಲು, ಗುಲಾಬಿ ಬೆಳೆಯುವ ಪಾಲಿಹೌಸು ಒಂದನ್ನೊಂದು ಒತ್ತಿಕೊಂಡು ಬರುತ್ತಿರುವಾಗಲೇ ಬಯಲೊಂದು ತೆರೆದುಕೊಳ್ಳುತ್ತದೆ. ಸುತ್ತಲ ಜನರ ಬಾಯಲ್ಲಿ ಅದು ಇಂದಿಗೂ ‘ಕ್ಯಾಟಲ್ ಫಾರಂ’. 1824ರಲ್ಲಿ ಸೈನ್ಯಕ್ಕೆ ಕುದುರೆ ಒದಗಿಸಲೆಂದು ಶುರುವಾದ ಜಾಗ. ಕುದುರೆಯ ಕಾಲ ಕಳೆದ ಮೇಲೆ ದನಗಳ ಪಾಲಾಯಿತು. ಸಿಂಧ್ ಪ್ರಾಂತದ ಕೆಂಪು ಸಿಂಧಿ ಹಸುಗಳು ದಕ್ಷಿಣದಲ್ಲಿ ಬೇರುಬಿಟ್ಟದ್ದು ಇಲ್ಲಿ. ಈಗ ಇದು ತಮಿಳುನಾಡು ಸರ್ಕಾರದ ಜಿಲ್ಲಾ ಜಾನುವಾರು ಫಾರಂ, ಸಾವಿರದ ಆರುನೂರು ಎಕರೆಗೂ ಮೀರಿದ ನೆಲ. ಪಕ್ಕದಲ್ಲೇ ಪಶುವೈದ್ಯ ವಿಶ್ವವಿದ್ಯಾಲಯದ ಕೋಳಿ ಸಾಕಣೆ ಕಾಲೇಜು.

ಈ ಬಯಲನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ದಿನವೂ ಸಾವಿರಾರು ಮಕ್ಕಳು ಶಾಲೆಗೆ ಹೋಗುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳ ಮನೆಯಲ್ಲಿ ದನವೋ ಆಡೋ ಇದೆ. ‘ಮುಂದೆ ಏನಾಗುತ್ತೀಯ’ ಎಂದು ಕೇಳಿದರೆ ಪೊಲೀಸು, ನರ್ಸು, ಕಂಪನಿ ಕೆಲಸ ಎನ್ನುತ್ತಾರೆ. ದನದ ಡಾಕ್ಟರ್ ಎನ್ನುವವರು ವಿರಳ. ಯಾಕೆ ಎಂದು ತಿಳಿಯುವ ಆಸೆಯಿಂದಲೇ ನಾನು ಈ ದಾರಿಯ ಕೊನೆಯಂಚಿಗೆ, ನಾಟ್ರಾಂಪಾಳ್ಯಕ್ಕೆ ಹೊರಟಿದ್ದೆ.

ದೊಡ್ಡಿಗಳ ನಾಡು

ಡೆಂಕಣಿಕೋಟೆ ದಾಟಿದ ಮೇಲೆ ರಸ್ತೆ ಕಾಡು ಹೊಕ್ಕು ಮೇಲಗಿರಿ ಬೆಟ್ಟಗಳ ನಡುವೆ ಸುತ್ತುತ್ತ ಅಂಚೆಟ್ಟಿಗೆ ಇಳಿಯುತ್ತದೆ. ಅಲ್ಲಿಂದ ಹೊಗೆನಕಲ್ಲಿನ ಕಡೆ ಹೋಗುವ ದಾರಿಯಲ್ಲಿ ನಾಟ್ರಾಂಪಾಳ್ಯ. ಕೃಷ್ಣಗಿರಿ ಜಿಲ್ಲೆಯ ಅಂಚು; ಅತ್ತ ಕಾಡು, ಕಾಡಿನಾಚೆ ಕಾವೇರಿ, ಕಾವೇರಿಯಾಚೆ ಕರ್ನಾಟಕ. ಬಸ್ಸಿನ ಬೋರ್ಡು ತಮಿಳು, ಬಸ್ಸಿನೊಳಗಿನ ಮಾತು ಅರ್ಧ ಕನ್ನಡ.

ಇಲ್ಲಿಯ ಹಳ್ಳಿಗಳ ಹೆಸರನ್ನು ಗಮನಿಸಬೇಕು. ಒಂದಲ್ಲ ಒಂದು ‘ದೊಡ್ಡಿ’ ಕಿವಿಗೆ ಬೀಳುತ್ತಲೇ ಇರುತ್ತದೆ. ನದಿಯಾಚೆಯ ಕನಕಪುರದ ಸೀಮೆಯಲ್ಲೂ ಹೀಗೆಯೇ. ದೊಡ್ಡಿ ಎಂದರೆ ದನ ಕೂಡುವ ಜಾಗ. ದನಗಳಿಗೆ ಬೇಲಿ ಕಟ್ಟಿದರು, ಬೇಲಿಯ ಪಕ್ಕ ಗುಡಿಸಲು ಹಾಕಿದರು, ಗುಡಿಸಲು ಊರಾಯಿತು. ಮನುಷ್ಯರಿಗಿಂತ ಮೊದಲು ದನಗಳು ನೆಲೆಯೂರಿದ ನಾಡು ಇದು.

ಆ ದನಗಳೂ ಸಾಮಾನ್ಯದವಲ್ಲ. ಕಾವೇರಿ ದಡದ ಆಲಂಬಾಡಿ ಎಂಬ ಊರಿನ ಹೆಸರು ಹೊತ್ತ ತಳಿ ಈ ಕಾಡುಗಳದ್ದು. ಕಡುಬೂದು ಮೈ, ಉಬ್ಬಿದ ಹಣೆ, ಹಿಂದಕ್ಕೆ ಬಾಗಿದ ಕೊಂಬು. ಹಳ್ಳಿಕಾರ್ ತಳಿಯ ಹತ್ತಿರದ ನೆಂಟ. 1936ರಲ್ಲಿ ‘ದಕ್ಷಿಣ ಭಾರತದ ಜಾನುವಾರು’ ಕುರಿತು ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕ ಬರೆದ ಲಿಟಲ್‌ವುಡ್ ಆಲಂಬಾಡಿಗೂ ಅದರಲ್ಲಿ ಜಾಗ ಕೊಟ್ಟ. ಕಡಿಮೆ ಮೇವಿನಲ್ಲಿ ಬದುಕಿ, ಕಲ್ಲುನೆಲದಲ್ಲಿ ಉಳುವ ಎತ್ತು ಇದು. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಬೆಲೆ ಇಳಿಯಿತು, ಹಿಂಡು ಕರಗಿತು. ಉಳಿದದ್ದನ್ನು ಕಾಪಾಡಲೆಂದು ಧರ್ಮಪುರಿ ಜಿಲ್ಲೆಯಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಆಲಂಬಾಡಿ ತಳಿ ಸಂಶೋಧನಾ ಕೇಂದ್ರ ಈಗ ನಡೆಯುತ್ತಿದೆ. ಈರೋಡು ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಬಿಳಿ ಚುಕ್ಕೆಯ ಕೆಂದು ಬಣ್ಣದ ಬರಗೂರು ತಳಿಯನ್ನು ತಲೆಮಾರುಗಳಿಂದ ಸಾಕಿ ಉಳಿಸಿಕೊಂಡು ಬಂದವರು ಕನ್ನಡ ಮಾತಾಡುವ ಲಿಂಗಾಯತರು. ಅಲ್ಲೂ ಅದೇ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ತಮಿಳುನಾಡಿನ ಹೆಸರಾಂತ ತಳಿಗಳ ಹಿಂದೆ ಕನ್ನಡದಲ್ಲಿ ‘ಹೋ, ಬಾ’ ಎಂದು ಕರೆದ ದನಿಗಳಿವೆ.

ಕೊಟ್ಟಿಗೆಯಲ್ಲಿ ಎರಡು ಭಾಷೆ

ನಾಟ್ರಾಂಪಾಳ್ಯದಲ್ಲಿ ಇಳಿದು ಟೀ ಕುಡಿದು, ಹುಣಸೆ ಮರಗಳ ಸಾಲಿನ ಪಕ್ಕದ ಮಣ್ಣುದಾರಿ ಹಿಡಿದೆ. ರಾಗಿಹುಲ್ಲಿನ ಮೆದೆ, ಸಗಣಿ ಸಾರಿಸಿದ ಅಂಗಳ, ಹುರುಳಿ ಒಣಹಾಕಿದ ಬಂಡೆ. ಒಂದು ಮನೆಯ ಮುಂದೆ ನಾಲ್ಕು ಚಕ್ರದ ವ್ಯಾನು ನಿಂತಿತ್ತು, ಮೈಮೇಲೆ ದೊಡ್ಡದಾಗಿ 1962. ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ದನಕರುಗಳ ಆಂಬುಲೆನ್ಸಿಗೆ ಕರೆ ಮಾಡುವ ಉಚಿತ ಸಂಖ್ಯೆ ಅದೇ.

ಕೊಟ್ಟಿಗೆಯಲ್ಲಿ ಸೀಮೆಹಸು ತಲೆ ತಗ್ಗಿಸಿ ನಿಂತಿತ್ತು. ಕರು ಹಾಕಿ ಎರಡು ದಿನವಾಗಿತ್ತು. ಮುಂದೆ ಇಟ್ಟ ಹುಲ್ಲು ಹಾಗೇ ಇತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ, ಹತ್ತನೇ ಕ್ಲಾಸಿನ ಮೊಮ್ಮಗಳು, ಕೈಗವಸು ಹಾಕಿಕೊಳ್ಳುತ್ತಿದ್ದ ಯುವ ಡಾಕ್ಟರಮ್ಮ. ದಕ್ಷಿಣದ ಜಿಲ್ಲೆಯಿಂದ ಕೆಲಸಕ್ಕೆ ಬಂದವರು, ಕನ್ನಡ ಬಾರದು. ಅಜ್ಜಿಗೆ ಸಂತೆಯ ತಮಿಳು ಬರುತ್ತದೆ; ಆದರೆ ಸಂಕಟದಲ್ಲಿ ಬಾಯಿಗೆ ಬಂದದ್ದು ಮನೆಯ ಮಾತು.

“ಕಸ ಬಿದ್ದಿಲ್ಲ ತಾಯಿ. ನೆನ್ನೆಯಿಂದ ಮೆಲುಕು ನಿಂತೋಗದೆ. ಮೈ ಕಾಯ್ತಾ ಅದೆ, ಕಿವಿ ಜೋತಾಕವ್ಳೆ.”

ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು, “ನಂಜು ವಿಳುಂದುಚ್ಚಾ ಪಾಟ್ಟಿ?”

ಅಜ್ಜಿ ಬೆಚ್ಚಿದರು. “ನಂಜಾ? ನಮ್ ಹಸೀಗೆ ಯಾರ್ ತಾಯಿ ನಂಜಿಕ್ತಾರೆ?”

ಮೊಮ್ಮಗಳು ಮುಂದೆ ಬಂದಳು. ಅಜ್ಜಿ ‘ಕಸ’ ಎನ್ನುವುದನ್ನೇ ಡಾಕ್ಟರಮ್ಮ ‘ನಂಜು’ ಎನ್ನುತ್ತಿದ್ದಾರೆ, ಅದು ವಿಷವಲ್ಲ, ಕರುವಿನ ಜೊತೆ ಹೊರಗೆ ಬರಬೇಕಾದ ಮಾಸು ಎಂದು ಇಬ್ಬರಿಗೂ ಅವರವರ ಮಾತಿನಲ್ಲಿ ತಿಳಿಸಿದಳು. ಕರು ಹಾಕಿದ ಹೊತ್ತು, ಬಿಟ್ಟ ಮೇವು, ಹಿಂದಿನ ಸೂಲಿನಲ್ಲಿ ಏನಾಗಿತ್ತು, ಕುಡಿಸಿದ ನಾಟಿ ಔಷಧಿ ಯಾವುದು, ಎಲ್ಲವನ್ನೂ ಒಂದೊಂದಾಗಿ ದಾಟಿಸಿದಳು. ಪಶುವೈದ್ಯ ಕಾಲೇಜಿನಲ್ಲಿ ರೋಗಿಯ ಪೂರ್ವವೃತ್ತ ಕೇಳುವುದನ್ನು ಒಂದು ವಿದ್ಯೆಯಾಗಿಯೇ ಕಲಿಸುತ್ತಾರೆ. ಮನುಷ್ಯರ ಡಾಕ್ಟರಿಗೆ ರೋಗಿಯೇ ತನ್ನ ನೋವು ಹೇಳುತ್ತಾನೆ. ದನದ ಡಾಕ್ಟರಿಗೆ ದನದ ಮೈ ಒಂದು ಸಾಕ್ಷಿ, ಸಾಕಿದವರ ಮಾತು ಇನ್ನೊಂದು. ಆ ಎರಡನೆಯ ಸಾಕ್ಷಿ ಈ ಬೆಟ್ಟದಲ್ಲಿ ಕನ್ನಡದಲ್ಲಿದೆ.

ಡಾಕ್ಟರಮ್ಮ ಥರ್ಮಾಮೀಟರ್ ಇಟ್ಟು ನೋಡಿದರು: 104 ಡಿಗ್ರಿ. ಆರೋಗ್ಯದ ಹಸುವಿಗೆ ಇರುವುದು ಸುಮಾರು 101.5. ಎಡ ಪಕ್ಕೆಯ ಕುಳಿಗೆ ಮುಷ್ಟಿ ಒತ್ತಿ ಗಡಿಯಾರ ನೋಡುತ್ತ ನಿಂತರು. ಮೊದಲ ಹೊಟ್ಟೆ ಇರುವುದು ಎಡಗಡೆ. ಚೆನ್ನಾಗಿದ್ದರೆ ಎರಡು ನಿಮಿಷಕ್ಕೆ ಎರಡು ಮೂರು ಸಲ ಅಲೆಯೆದ್ದ ಹಾಗೆ ಮುಷ್ಟಿಯನ್ನು ತಳ್ಳುತ್ತದೆ. ಎರಡು ನಿಮಿಷ ಕಳೆದರೂ ಅಲೆ ಏಳಲಿಲ್ಲ.

ಅವರು ಕಸವನ್ನು ಎಳೆಯಲಿಲ್ಲ. ಸಾಮಾನ್ಯವಾಗಿ ಕರು ಹಾಕಿದ 12 ಗಂಟೆಯೊಳಗೆ ಬೀಳಬೇಕಾದದ್ದು ಬೀಳದಿದ್ದಾಗ ಹಳ್ಳಿಗಳಲ್ಲಿ ಅದಕ್ಕೆ ಕಲ್ಲು ಕಟ್ಟಿ ತೂಗುಬಿಡುವುದುಂಟು, ಕೈಯಿಂದ ಜಗ್ಗುವುದುಂಟು. ಗರ್ಭಕೋಶಕ್ಕೆ ಅಂಟಿಕೊಂಡದ್ದನ್ನು ಬಲವಂತವಾಗಿ ಕಿತ್ತರೆ ಒಳಗೆ ಗಾಯವಾಗಿ ಸೋಂಕು ಹೆಚ್ಚುತ್ತದೆ. ಜ್ವರಕ್ಕೂ ಸೋಂಕಿಗೂ ಇಂಜೆಕ್ಷನ್ ಕೊಟ್ಟು, ತಾನಾಗಿ ಕಳಚಲು ಬಿಡಬೇಕು ಎಂದರು. ಆಮೇಲೆ ದನಿ ಗಟ್ಟಿಮಾಡಿ ಇನ್ನೊಂದು ಮಾತು: ಬರಿಗೈಯಲ್ಲಿ ಇದನ್ನು ಮುಟ್ಟಬೇಡಿ, ಬಿದ್ದ ಮೇಲೆ ನಾಯಿಗೆ ಸಿಗದ ಹಾಗೆ ಆಳವಾಗಿ ಹೂಳಿ. ಗಬ್ಬ ಕಂದಿಸುವ, ಕಸ ನಿಲ್ಲಿಸುವ ಬ್ರುಸೆಲ್ಲೋಸಿಸ್, ನಮ್ಮ ಕಡೆ ‘ಕಂದು ರೋಗ’ ಎನ್ನುವುದು, ಹಸುವಿನಿಂದ ಮನುಷ್ಯರಿಗೂ ಹತ್ತುತ್ತದೆ. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಒಂದೇ ಒಂದು ಲಸಿಕೆ ಸಾಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯೊಂದಿಗೆ ಇದನ್ನೂ ಉಚಿತವಾಗಿ ಹಾಕುತ್ತಾರೆ. “ಈ ಕರುವಿಗೆ ತಪ್ಪಿಸಬೇಡಿ” ಎಂದರು. ಹುಡುಗಿ ಅದನ್ನೂ ಕನ್ನಡ ಮಾಡಿದಳು. ಅಜ್ಜಿ ತಮ್ಮ ಬರಿಗೈಗಳನ್ನು ನೋಡಿಕೊಂಡು, ಬಚ್ಚಲಿಗೆ ಹೋಗಿ ಸೋಪು ಹಾಕಿ ತೊಳೆದು ಬಂದರು.

ಪಶುವೈದ್ಯನ ಕೆಲಸ ಕೊಟ್ಟಿಗೆಗೆ ಮುಗಿಯುವುದಿಲ್ಲ ಎನ್ನುವುದು ಆ ಕೈತೊಳೆತದಲ್ಲಿ ಕಂಡಿತು. ಹುಚ್ಚುನಾಯಿ ರೋಗ, ಆಂಥ್ರಾಕ್ಸ್, ಕಂದು ರೋಗ ಇವನ್ನೆಲ್ಲ ಮನೆಯ ಮಕ್ಕಳಿಗೆ ತಾಗುವ ಮೊದಲು ತಡೆಯುವ ಬೇಲಿ ಅವನೇ.

ದೊಡ್ಡರೋಗ ಹೋದದ್ದು

ವ್ಯಾನು ಮುಂದಿನ ಹಳ್ಳಿಗೆ ಹೋಯಿತು. ಅಜ್ಜಿ ಮಜ್ಜಿಗೆ ಕೊಟ್ಟು ಹಳೆಯದನ್ನು ನೆನೆದರು. ಅವರ ಅಪ್ಪನ ಕಾಲದಲ್ಲಿ ‘ದೊಡ್ಡರೋಗ’ ಬಂದರೆ ದೊಡ್ಡಿಗೆ ದೊಡ್ಡಿಯೇ ಬರಿದಾಗುತ್ತಿತ್ತಂತೆ. ಕಣ್ಣು ಮೂಗಲ್ಲಿ ನೀರು, ಬಾಯೊಳಗೆ ಹುಣ್ಣು, ಭೇದಿ, ನಾಲ್ಕೈದು ದಿನಕ್ಕೆ ದನ ನೆಲಕ್ಕೆ. ಮಾರಮ್ಮನಿಗೆ ಹರಕೆ ಹೊತ್ತು ಊರಗಡಿಯಲ್ಲಿ ಬೇವು ಕಟ್ಟುವುದೇ ಆಗಿನ ದಾರಿ. “ಈಗ ಅದು ಎಲ್ಲೋಯ್ತಪ್ಪ?” ಎಂದು ಕೇಳಿದರು.

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಈ ರೋಗವನ್ನು ಎದುರಿಸಲೆಂದೇ 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯವೊಂದು ಹುಟ್ಟಿ, ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆ, ರಾಣಿಪೇಟೆಯಲ್ಲಿ 1932ರಲ್ಲಿ ಲಸಿಕೆ ಸಂಸ್ಥೆ ಬಂದವು. ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಐಸಿನ ಡಬ್ಬಿ ಹೊತ್ತು ಹಟ್ಟಿಹಟ್ಟಿಗೆ ಹೋದ ದನದ ಡಾಕ್ಟರುಗಳೂ ಲಸಿಕೆ ಹಾಕುವವರೂ ದಶಕಗಳ ಕಾಲ ಅದನ್ನು ಬೆನ್ನಟ್ಟಿದರು. 2011ರಲ್ಲಿ ಭೂಮಿಯ ಮೇಲೆ ದೊಡ್ಡರೋಗ ಇಲ್ಲ ಎಂದು ಜಗತ್ತು ಘೋಷಿಸಿತು. ಸಿಡುಬಿನ ನಂತರ ಮನುಷ್ಯ ಪೂರ್ತಿ ಅಳಿಸಿದ ಎರಡನೆಯ ರೋಗ ಅದು. “ಡಾಕ್ಟರುಗಳು ಓಡ್ಸಿದ್ರು ಅಜ್ಜಿ” ಎಂದೆ. ಮೊಮ್ಮಗಳು ಕೇಳಿಸಿಕೊಳ್ಳುತ್ತಿದ್ದಳು. “ಅದಕ್ಕೆ ಎಷ್ಟು ವರ್ಷ ಓದ್ಬೇಕಣ್ಣ?” ಎಂದಳು. ನಾನು ಬಂದ ಕೆಲಸ ಅಲ್ಲಿಂದ ಶುರುವಾಯಿತು.

ಐದೂವರೆ ವರ್ಷದ ದಾರಿ

ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಎಂಬುದು ಪದವಿಯ ಹೆಸರು. ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಮೊದಲು ಪ್ರಾಣಿಯ ಮೂಳೆ, ಮಾಂಸ, ಅಂಗಾಂಗ ಕೆಲಸ ಮಾಡುವ ಬಗೆ. ಆಮೇಲೆ ರೋಗಾಣು, ಪರೋಪಜೀವಿ, ಮೇವಿನ ವಿಜ್ಞಾನ, ತಳಿ ವಿಜ್ಞಾನ. ಆಮೇಲೆ ಔಷಧಿ, ಶಸ್ತ್ರಚಿಕಿತ್ಸೆ, ಹೆರಿಗೆ. ಕೊನೆಯ ವರ್ಷ ಆಸ್ಪತ್ರೆ, ಫಾರಂ, ಪ್ರಯೋಗಾಲಯಗಳಲ್ಲಿ ಕೈಯಾರೆ ದುಡಿಮೆ. ಮುಗಿದ ಮೇಲೆ ರಾಜ್ಯದ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಹೆಸರು ನೋಂದಾಯಿಸಿದವರೇ ಪಶುವೈದ್ಯರು.

ದಾರಿ ಕವಲೊಡೆಯುವುದು ಈ ಹುಡುಗಿ ಈಗ ನಿಂತಿರುವ ಕಡೆಯೇ. ಹತ್ತನೇ ಕ್ಲಾಸು ಮುಗಿದು ಪ್ಲಸ್ ಒನ್ ಸೇರುವ ದಿನ ಯಾವ ಗ್ರೂಪು ಎಂದು ಕೇಳುತ್ತಾರೆ. ಜೀವಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ ಇರುವ ಗ್ರೂಪು ತೆಗೆದುಕೊಳ್ಳದಿದ್ದರೆ ಆ ದಿನವೇ ಈ ಬಾಗಿಲು ಮುಚ್ಚುತ್ತದೆ. ಬೆಟ್ಟದ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲಿ. ಬುದ್ಧಿ ಸಾಲದೆ ಅಲ್ಲ, ಹೇಳುವವರಿಲ್ಲದೆ. ಬಸ್ಸಿಗೆ ಹತ್ತಿರದ ಶಾಲೆಯಲ್ಲಿ ಯಾವ ಗ್ರೂಪು ಇದೆಯೋ ಅದನ್ನೇ ಸೇರಿಬಿಡುತ್ತಾರೆ.

ತಮಿಳುನಾಡಿನಲ್ಲಿ ಮನುಷ್ಯರ ಡಾಕ್ಟರಾಗಲು ನೀಟ್ ಬೇಕು. ದನದ ಡಾಕ್ಟರಾಗಲು ರಾಜ್ಯದ ಸೀಟುಗಳಿಗೆ ಪ್ರವೇಶ ಪರೀಕ್ಷೆಯೇ ಇಲ್ಲ. ಪ್ಲಸ್ ಟೂ ಅಂಕಗಳ ಮೇಲೆ ಪಟ್ಟಿ ಬರುತ್ತದೆ. ಶೇ. 15ರಷ್ಟು ಅಖಿಲ ಭಾರತ ಸೀಟುಗಳಿಗೆ ಮಾತ್ರ ನೀಟ್ ಅಂಕ, ಅದನ್ನು ಹಂಚುವುದು ಭಾರತೀಯ ಪಶುವೈದ್ಯ ಪರಿಷತ್ತು. ಇನ್ನೊಂದು ಆಸರೆಯೂ ಇದೆ: 2021ರ ಕಾಯ್ದೆಯಂತೆ, ಆರರಿಂದ ಹನ್ನೆರಡನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದಲ್ಲಿ ಶೇ. 7.5 ಸೀಟು ಮೀಸಲು. ಪಶುವೈದ್ಯವೂ ಅದರಲ್ಲಿ ಸೇರಿದೆ. ನಾಟ್ರಾಂಪಾಳ್ಯದಂಥ ಊರಿನ ಮಕ್ಕಳಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. ಸರ್ಕಾರಿ ಶಾಲೆಯಲ್ಲಿ ಓದುವುದು ಅವಳಿಗೆ ಬಡತನದ ಗುರುತಾಗಿತ್ತು. ಇಲ್ಲಿ ಅದೇ ಅವಳ ಹಕ್ಕಿನ ಚೀಟಿ.

ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯ 1989ರಲ್ಲಿ ಶುರುವಾದದ್ದು, ದೇಶದಲ್ಲಿ ಪಶುವೈದ್ಯಕ್ಕೆಂದೇ ಹುಟ್ಟಿದ ಮೊದಲನೆಯದು. ಅದರ ಹಿರಿಯ ಕಾಲೇಜು ಮದ್ರಾಸಿನದು. 1903ರಲ್ಲಿ ಸೈದಾಪೇಟೆಯಲ್ಲಿ ಬಾಗಿಲು ತೆರೆಯಿತು. ಈಗ ನಾಮಕ್ಕಲ್, ತಿರುನೆಲ್ವೇಲಿ, ಒರತ್ತನಾಡು, ಸೇಲಂ ಜಿಲ್ಲೆಯ ತಲೈವಾಸಲ್, ಉಡುಮಲೈಪೇಟೆ, ತೇನಿ ಸೇರಿ ಏಳು ಕಾಲೇಜುಗಳು. ಗಣಿತ ಇಷ್ಟವಿರುವವರಿಗೆ ಮತ್ತಿಗಿರಿಯಲ್ಲೇ ಕೋಳಿ ತಂತ್ರಜ್ಞಾನದ ನಾಲ್ಕು ವರ್ಷದ ಬಿ.ಟೆಕ್. ಇದೆ, ಮನೆಯಿಂದ ಅದೇ ಬಸ್ಸಿನ ದಾರಿ.

ನಾಟ್ರಾಂಪಾಳ್ಯಕ್ಕೆ ಚೆನ್ನೈಗಿಂತ ಹತ್ತಿರ ಬೆಂಗಳೂರಿನ ಹೆಬ್ಬಾಳ. 1958ರಲ್ಲಿ ಅಲ್ಲಿ ಆರಂಭವಾದ ಪಶುವೈದ್ಯ ಕಾಲೇಜು, ಬೀದರಿನಲ್ಲಿ ಕೇಂದ್ರವಿರುವ ಕರ್ನಾಟಕದ ವಿಶ್ವವಿದ್ಯಾಲಯಕ್ಕೆ ಸೇರಿದೆ. ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಕನ್ನಡ ಮನೆಮಾತಾದ ಹೊರನಾಡು ಕನ್ನಡಿಗರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಪ್ರತ್ಯೇಕ ಕಲಮಿದೆ. ಅದಕ್ಕೆ ಸಿಇಟಿಯ ಜೊತೆ ಕನ್ನಡ ಭಾಷಾ ಪರೀಕ್ಷೆಯನ್ನೂ ದಾಟಬೇಕು. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಸಾಲುಬಿಡದೆ ಓದಿ ಅರ್ಜಿ ಹಾಕಬೇಕು. ಈ ಹುಡುಗಿಯ ಮಾತು ಕನ್ನಡ, ಅಕ್ಷರ ತಮಿಳು. ನೋಟ್‌ಬುಕ್ ತೆಗೆದು ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು: ಕನ್ನಡದ ಮಾತು, ತಮಿಳು ಲಿಪಿಯಲ್ಲಿ. ನಾನು ಅವಳ ಪುಟದ ಅಂಚಿನಲ್ಲಿ ‘ಹಸು’ ಎಂದು ಕನ್ನಡದಲ್ಲಿ ಬರೆದು ತೋರಿಸಿದೆ. ಕೆಳಗೆ ಐದು ಸಲ ತಿದ್ದಿದಳು.

ಕಾಡಿನ ಅಂಚಿನಲ್ಲಿ

ಮಧ್ಯಾಹ್ನ ಊರಾಚೆ ನಡೆದೆ. ಹೊಲ ಮುಗಿಯುವಲ್ಲಿ ಕಾಡು. 2022ರಲ್ಲಿ ಘೋಷಣೆಯಾದ ಕಾವೇರಿ ದಕ್ಷಿಣ ವನ್ಯಜೀವಿ ಧಾಮ ಈ ಸೀಮೆಯದ್ದು, 686 ಚದರ ಕಿಲೋಮೀಟರ್. 2014ರ ಕಾವೇರಿ ಉತ್ತರ ಧಾಮವನ್ನೂ ನದಿಯಾಚೆಯ ಕರ್ನಾಟಕದ ಕಾವೇರಿ ಧಾಮವನ್ನೂ ಅದು ಒಂದು ಹಸಿರು ಸೆರಗಾಗಿ ಹೆಣೆಯುತ್ತದೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟದಿಂದ ತಳಿ, ಜವಳಗಿರಿ, ಡೆಂಕಣಿಕೋಟೆಯ ಕಾಡುಗಳಿಗೆ ಆನೆಗಳು ಬರುತ್ತವೆ. ಹೊಲ ಕಾಯುವವನಿಗೂ ಆನೆಗೂ ನಡುವೆ ಗಾಯ, ಸಾವು. ಇಲ್ಲೂ ಪಶುವೈದ್ಯ ಬೇಕು.

ತಮಿಳುನಾಡಿನ ಅರಣ್ಯ ಇಲಾಖೆಯ ಡಾ. ವಿ. ಕೃಷ್ಣಮೂರ್ತಿ ಆನೆ ಡಾಕ್ಟರೆಂದೇ ಹೆಸರಾದವರು. ಕಾಡಿನಲ್ಲಿ ಸತ್ತ ಆನೆ ಎಷ್ಟೇ ಕೊಳೆತಿರಲಿ, ಮರಣೋತ್ತರ ಪರೀಕ್ಷೆ ಮಾಡಿ ಸಾವಿನ ಕಾರಣ ತಿಳಿಯಬೇಕು ಎಂದು ಹಟ ಹಿಡಿದರು. ಕಾರಣ ತಿಳಿದರೆ ತಾನೆ ಗುಂಡಿನ ಏಟೋ ರೋಗವೋ ಎಂದು ಗೊತ್ತಾಗುವುದು. ಜೆಯಮೋಹನ್ ಅವರ ಪ್ರಸಿದ್ಧ ತಮಿಳು ಕತೆಯೊಂದು ಅವರ ಬದುಕಿನಿಂದಲೇ ಮೂಡಿದೆ. ಆ ವೃತ್ತಿಗೂ ಹೋಗುವ ದಾರಿ ಇದೇ: ಮೊದಲು ಐದೂವರೆ ವರ್ಷದ ಪದವಿ, ಆಮೇಲೆ ಬೇಕಾದವರಿಗೆ ಎರಡು ವರ್ಷದ ಎಂ.ವಿ.ಎಸ್ಸಿ.

ಸರ್ಕಾರಿ ಪಶು ಆಸ್ಪತ್ರೆಗೆ ತಮಿಳುನಾಡಿನಲ್ಲಿ ಟಿಎನ್‌ಪಿಎಸ್‌ಸಿ, ಕರ್ನಾಟಕದಲ್ಲಿ ಕೆಪಿಎಸ್‌ಸಿ ಆಯ್ಕೆ ಮಾಡುತ್ತವೆ. ಹಾಲು ಒಕ್ಕೂಟ, ಕೋಳಿ ಉದ್ಯಮ, ಲಸಿಕೆ ತಯಾರಿಕೆ, ಮೃಗಾಲಯ, ಬ್ಯಾಂಕು, ವಿಮೆ, ಪಟ್ಟಣಗಳ ನಾಯಿಬೆಕ್ಕಿನ ಕ್ಲಿನಿಕ್ಕು ಎಲ್ಲ ಕಡೆ ಕೆಲಸವಿದೆ. ಸೈನ್ಯದಲ್ಲೂ ಇದೆ: ಕುದುರೆ, ಹೇಸರಗತ್ತೆ, ನಾಯಿಗಳನ್ನು ನೋಡಿಕೊಳ್ಳುವ ರಿಮೌಂಟ್ ವೆಟರ್ನರಿ ಕೋರ್. ಮತ್ತಿಗಿರಿಯ ಬಯಲು ಇನ್ನೂರು ವರ್ಷದ ಹಿಂದೆ ಹುಟ್ಟಿದ್ದೂ ಅಂಥ ಕೆಲಸಕ್ಕೇ.

ಕಷ್ಟವನ್ನೂ ಹುಡುಗಿಗೆ ಹೇಳಿದೆ. ಮಧ್ಯರಾತ್ರಿ ಕರು ಅಡ್ಡ ಸಿಕ್ಕಿಕೊಂಡರೆ ಭುಜದವರೆಗೆ ಕೈ ಹಾಕಿ ತಿರುಗಿಸಬೇಕು. ಒದೆ ತಿನ್ನಬೇಕು. ಮಳೆ ಸಾಲದೆ ಕುಂಟಿದ ಎಳೆಜೋಳ ಮೇದ ಎತ್ತು ಗಳಿಗೆಯಲ್ಲಿ ಒದ್ದಾಡಿ ಬೀಳುವಾಗ, ಅದರ ವಿಷಕ್ಕೆ ಮದ್ದಿದ್ದರೂ ತಲುಪುವ ಹೊತ್ತಿಗೆ ಉಸಿರು ಹೋಗಿರುತ್ತದೆ. ನಮ್ಮ ಮನೆಯಲ್ಲೇ ಹಾಗೆ ಒಂದು ಎತ್ತು ಹೋಯಿತು. ಉಳಿದ ಒಂಟಿ ಎತ್ತಿನ ಪಕ್ಕ ಅಪ್ಪ ಆ ರಾತ್ರಿಯೆಲ್ಲ ಕೂತಿದ್ದರು. ಹತ್ತಿರದಲ್ಲಿ ಒಬ್ಬ ಡಾಕ್ಟರ್ ಇರುವುದು ಎಂದರೆ ಏನು ಎಂದು ನಾನು ಕಲಿತದ್ದು ಆ ರಾತ್ರಿ.

ಸಂಜೆಯ ಬಸ್ಸು

ಬಸ್ಸಿಗೆ ಇನ್ನೂ ಹೊತ್ತಿತ್ತು. ಮತ್ತೆ ಆ ಮನೆಗೆ ಹೋದೆ. ಹುಡುಗಿ ನೋಟ್‌ಬುಕ್ಕಿನಲ್ಲಿ ನಾನು ಹೇಳಿದ್ದನ್ನು ಸಾಲಾಗಿ ಬರೆದಿಟ್ಟಿದ್ದಳು, ಓದಿ ಹೇಳಿದಳು: ಪ್ಲಸ್ ಒನ್‌ನಲ್ಲಿ ಬಯಾಲಜಿ ಇರುವ ಗ್ರೂಪು. ಆರರಿಂದ ಸರ್ಕಾರಿ ಶಾಲೆಯಲ್ಲಿ ಓದಿದ ಸರ್ಟಿಫಿಕೇಟು. ಪ್ಲಸ್ ಟೂ ಫಲಿತಾಂಶದ ಹೊತ್ತಿಗೆ ವಿಶ್ವವಿದ್ಯಾಲಯದ ಅರ್ಜಿ. ನೀಟ್ ಬರೆದರೆ ಇನ್ನೊಂದು ಬಾಗಿಲು. ಕನ್ನಡ ಅಕ್ಷರ ಕಲಿಯಬೇಕು.

ಅಷ್ಟರಲ್ಲಿ ಕೊಟ್ಟಿಗೆಯಿಂದ ಅಜ್ಜಿ ಕೂಗಿದರು. ಹಸು ಮಲಗಿತ್ತು, ಕಿವಿ ನೆಟ್ಟಗಾಗಿತ್ತು. ಮುಂದಿದ್ದ ರಾಗಿಹುಲ್ಲು ಸ್ವಲ್ಪ ಖಾಲಿ. ಗಂಟಲಲ್ಲಿ ಉಂಡೆಯೊಂದು ಮೇಲೇರಿ ಬಂದದ್ದು ಕಂಡಿತು. ದವಡೆ ನಿಧಾನವಾಗಿ ಪಕ್ಕಕ್ಕೆ ಆಡತೊಡಗಿತು.

“ಮೆಲುಕಾಕ್ತಾ ಅವ್ಳೆ ಕಣೇ. ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳು.”

ಹುಡುಗಿ ಎಡ ಪಕ್ಕೆಗೆ ಮುಷ್ಟಿ ಒತ್ತಿ, ಫೋನಿನಲ್ಲಿ ಸಮಯ ನೋಡುತ್ತ ಎರಡು ನಿಮಿಷ ಎಣಿಸಿದಳು. ಆಮೇಲೆ ನಂಬರು ಒತ್ತಿ, ಅಜ್ಜಿಯ ಮಾತನ್ನು ದಾಟಿಸಿದಳು: “ಅಸೈ ಪೋಡುದು ಮೇಡಂ. ವಯಿರು ರೆಂಡು ತಡವೆ ಅಸೈಂದುದು.” ಮೆಲುಕು ಹಾಕುತ್ತಿದೆ, ಹೊಟ್ಟೆ ಎರಡು ಸಲ ಅಲುಗಿತು ಎಂದು.